ಗಂಜಿ ಒಣಗುವ ಮುನ್ನ

ಹೋದ ತಿಂಗಳು ಸೇಲಂನಿಂದ ಧರ್ಮಪುರಿಗೆ ಹೋಗುವ ಬಸ್ಸಿನಲ್ಲಿ ವಯಸ್ಸಾದವರೊಬ್ಬರು ನನ್ನ ಪಕ್ಕ ಬಂದು ಕೂತರು. ಅವರ ತೊಡೆಯ ಮೇಲೆ ಮಡಿಸಿದ ಹೊಸ ಕಂಬಳಿ ಇತ್ತು. ಇನ್ನೂ ನೀರು ಕಾಣದ ಕಂಬಳಿಗೆ ಒಂದು ವಾಸನೆ ಇರುತ್ತದೆ. ಅರ್ಧ ಕುರಿಯದು, ಅರ್ಧ ಹುಣಸೆ ಬೀಜದ ಗಂಜಿಯದು. ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿದ ಆ ಗಂಜಿ ನೂಲಿನ ಮೇಲೆ ಒಣಗಿದಾಗ ಸ್ವಲ್ಪ ಕಮರಿದ ವಾಸನೆ ಉಳಿಯುತ್ತದೆ. ಅವರು ತೊಪ್ಪೂರಿನಲ್ಲಿ ಇಳಿದುಹೋದರು. ವಾಸನೆ ನನ್ನ ಅಂಗಿಯ ತೋಳಿನಲ್ಲೇ ಉಳಿಯಿತು. ಆಮೇಲೆ ಧರ್ಮಪುರಿಯವರೆಗೂ ಕಿಟಕಿಯ ಹೊರಗೆ ನೋಡುತ್ತಲೇ ಕೂತಿದ್ದೆ. ಹೊರಗೆ ಏನು ಕಂಡಿತು ಎಂದು ಕೇಳಿದರೆ ಹೇಳಲಾರೆ. ನನಗೆ ಕಾಣುತ್ತಿದ್ದವರು ಕಂಬಳಿ ದೊಡ್ಡಮ್ಮ...

ನಾವು ಮೂವರಿದ್ದೆವು. ಸೆಲ್ವ ಗಿಟಾರ್ ನುಡಿಸುತ್ತಿದ್ದ, ಮುನಿ ಬೇಸ್ ಗಿಟಾರ್ ಹಿಡಿದು ಹಾಡುತ್ತಿದ್ದ, ನಾನು ಡ್ರಮ್ಸ್ ಬಾರಿಸುತ್ತಿದ್ದೆ. ರಾಕ್ ಸಂಗೀತ. ಸೆಲ್ವ ಬೆಳ್ಳಿ ಕಾಲ್ಗೆಜ್ಜೆಗೆ ಬೆಸುಗೆ ಹಾಕುವ ಕೆಲಸದಲ್ಲಿದ್ದ. ಮುನಿ ಸಾಬಕ್ಕಿ ಮಿಲ್ಲಿನ ಆಫೀಸಿನಲ್ಲಿದ್ದ. ನಾನು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಅಂಗಡಿಯಲ್ಲಿದ್ದೆ. ನನ್ನ ಊರು ನಲ್ಲಂಪಳ್ಳಿಯ ಪಕ್ಕದ ಹಳ್ಳಿ, ಅಪ್ಪ ಕುರಿ ಕಾಯುತ್ತಿದ್ದರು, ಮನೆಯಲ್ಲಿ ಆಡುವುದು ಕನ್ನಡ. ಸೇಲಂನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ಧರ್ಮಪುರಿ ಎನ್ನುತ್ತಿದ್ದೆ, ಅದನ್ನೂ ತಮಿಳಿನಲ್ಲೇ.

ಸೇಲಂನಲ್ಲಿ ಸಂಗೀತಕ್ಕೆ ಬರವಿರಲಿಲ್ಲ. ಅಮ್ಮಾಪೇಟೆ ಕಡೆ ನಾವಿದ್ದ ಬೀದಿಗಳಲ್ಲಿ ಬೆಳಗಿನ ಐದಕ್ಕೇ ನಾದಸ್ವರದ ಸಾಧಕ ಶುರುವಾಗುತ್ತಿತ್ತು. ನಾದಸ್ವರದ ಜೊತೆ ಬಾರಿಸುವ ದಪ್ಪ ಡೋಲು ತವಿಲ್. ಅದನ್ನು ಕಲಿಯುವ ಮಕ್ಕಳು ಜಗಲಿಯಲ್ಲಿ ಮರದ ತುಂಡಿನ ಮೇಲೆ ಕೋಲಿನಿಂದ ಪಾಠ ಬಾರಿಸುತ್ತಿದ್ದರು. ಒಬ್ಬ ತಾಳ ತಪ್ಪಿದರೆ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೂಡ ತಲೆ ಎತ್ತಿ ನೋಡುತ್ತಿದ್ದರು. ಅಂಥ ಊರಿನಲ್ಲಿ ನಮಗೆ ಬಾರಿಸಲು ಒಂದು ಕೋಣೆ ನಿಲ್ಲಲಿಲ್ಲ. ವರ್ಷದೊಳಗೆ ನಾಲ್ಕು ಕಡೆ ಬಿಟ್ಟೆವು. ಒಂದು ಮನೆಯಲ್ಲಿ ಮಗುವಿಗೆ ಜ್ವರ ಬಂತು, ನಿಮ್ಮಿಂದಲೇ ಎಂದರು. ಇನ್ನೊಂದು ಕಡೆ ಕೆಳಗಿನ ಮನೆಯ ವೀಣೆ ಟೀಚರ್ ಅಳುತ್ತ ಮೆಟ್ಟಿಲು ಹತ್ತಿ ಬಂದರು. ಅವರ ಮುಖ ನೋಡಲಾಗದೆ ನಾವೇ ಸಾಮಾನು ಕಟ್ಟಿದೆವು. ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮ್ಮ ಎರಡನೇ ಹಾಡಿಗೆ ಯಾರೋ ಪ್ಲಗ್ ಕಿತ್ತರು. ಕಿತ್ತವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವತ್ತು ಚಪ್ಪಾಳೆ ಬಿದ್ದದ್ದು ಆಗ ಮಾತ್ರ.

ನಾಲ್ಕನೇ ಕೋಣೆ ಖಾಲಿ ಮಾಡಿದ ದಿನ ಡ್ರಮ್ಮುಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದೆವು. ಒಂದು ಕಿರುಬೀದಿಯ ತಿರುವಿನಲ್ಲಿ ದೊಡ್ಡ ಡ್ರಮ್ ಜಾರಿ ನನ್ನ ಕಾಲಿನ ಮೇಲೆ ಬಿತ್ತು. ನನಗೆ ಗೊತ್ತಿಲ್ಲದೆಯೇ ಬಾಯಲ್ಲಿ ಕನ್ನಡ ಬಂತು. "ಅಯ್ಯೋ, ಇದರ ಮನೆ ಹಾಳಾಗ!"

ಪಕ್ಕದ ಕಂಬಳಿ ಅಂಗಡಿಯೊಳಗಿಂದ ಒಂದು ದನಿ ಕೇಳಿತು. "ಯಾರ್ ಮನೇನ್ಲಾ ಹಾಳ್ ಮಾಡ್ತಿರೋದು, ಬೆಳಬೆಳಗ್ಗೇನೇ?"

ಆಮೇಲೆ ಅವರು ಹೊರಗೆ ಬಂದರು. ಐವತ್ತೈದು ದಾಟಿದ, ಎತ್ತರದ ಹೆಂಗಸು. ಬೆರಳ ಸಂದುಗಳಲ್ಲಿ ಒಣಗಿದ ಗಂಜಿ ಬೆಳ್ಳಗೆ ಬಿರುಕು ಬಿಟ್ಟಿತ್ತು. ನನ್ನ ಕಾಲನ್ನಾಗಲಿ ಡ್ರಮ್ಮನ್ನಾಗಲಿ ನೋಡಲಿಲ್ಲ.

"ಯಾವೂರ್ಲಾ ನಿಂದು?"

"ಧರ್ಮಪುರಿ."

"ಧರ್ಮಪುರೀಲಿ ಯಾರೂ ಇಂಗ್ ಬೈಯಾಕಿಲ್ಲ. ಸರಿಯಾಗೇಳು."

"ನಲ್ಲಂಪಳ್ಳಿ ಪಕ್ಕ."

"ಮನೇಲಿ ಕುರಿ ಐತಾ?"

ಸೆಲ್ವ ನನ್ನ ಮುಖ ನೋಡುತ್ತಿದ್ದ. ಅವನಿಗೆ ಕನ್ನಡ ಬರದಿದ್ದರೂ ಕುರಿ ಎಂಬುದು ಅರ್ಥವಾಗಿತ್ತೋ ಏನೋ.

"ಐತೆ," ಎಂದೆ.

"ಅದನ್ನೇಳಾಕೆ ಇಷ್ಟೊತ್ತಾ?" ಎಂದು ಒಳಗೆ ಹೋಗಿ ನೀರಿನ ಚೊಂಬು ತಂದರು. ಕೈಗಾಡಿಯ ಮೇಲಿದ್ದದ್ದು ಏನು, ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದು ವಿಚಾರಿಸಿದರು. ಎಲ್ಲಿಗೂ ಇಲ್ಲ ಎಂದು ಹೇಳಬೇಕಾಯಿತು. ಅವರು ಮೇಲಕ್ಕೆ ಕೈ ತೋರಿಸಿದರು. "ಮ್ಯಾಲೆ ಒಂದ್ ರೂಮ್ ಐತೆ. ತುಂಬಾ ಕಂಬ್ಳಿ. ಕಂಬ್ಳಿ ಏನೂ ಕಂಪ್ಲೇಂಟ್ ಕೊಡಾಕಿಲ್ಲ."

ಅಲ್ಲಿಂದ ಅವರನ್ನು ನಾನು ದೊಡ್ಡಮ್ಮ ಎಂದು ಕರೆದೆ. ಸೆಲ್ವ, ಮುನಿ ಕೂಡ ಹಾಗೇ ಕರೆದರು, ಅದು ಹೆಸರೆಂದುಕೊಂಡು.

ಆ ಕೋಣೆಯ ನಾಲ್ಕು ಗೋಡೆಗೂ ಅಟ್ಟದವರೆಗೆ ಕಂಬಳಿ ಪೇರಿಸಿತ್ತು. ಬಾಗಿಲು ಹಾಕಿದರೆ ನಮ್ಮ ಕೆಮ್ಮು ನಮಗೇ ಕೇಳುತ್ತಿರಲಿಲ್ಲ. ಪಕ್ಕದ ಗೋಡೆಯ ಆಚೆ ಕರೆಂಟ್ ಮಗ್ಗಗಳ ಶೆಡ್ಡು, ಒಟ್ಟು ಹನ್ನೆರಡು ಮಗ್ಗ. ಸೇಲಂನವರು ಅದಕ್ಕೆ ತರಿ ಎನ್ನುತ್ತಾರೆ. ದೊಡ್ಡಮ್ಮ ಹಾಕಿದ ಕರಾರು ಒಂದೇ. "ಪಕ್ಕದಲ್ಲಿ ತರಿ ಓಡೋವಾಗ ನೀವೂ ಓಡ್ರಿ. ಅದು ನಿಂತ್ರೆ ನೀವೂ ನಿಲ್ಸ್ರಿ. ಬೀದೀಲಿ ಒಂದ್ ನಾಯಿಗೂ ಗೊತ್ತಾಗಾಕಿಲ್ಲ."

ಹಾಗೆಯೇ ಒಂದು ವರ್ಷ ಬಾರಿಸಿದೆವು. ಸೋಮವಾರಗಳಲ್ಲಿ ಅವರ ಉಣ್ಣೆಯ ಮೂಟೆಗಳನ್ನು ಮೇಲಕ್ಕೆ ಹೊತ್ತು ಕೊಡುತ್ತಿದ್ದೆವು. ಕೆಲಸ ಮುಗಿಸಿ ಸಂಜೆ ನಾಲ್ಕೂವರೆಗೆ ಸೇರಿದರೆ ಆರರವರೆಗೆ ಬಾರಿಸುತ್ತಿದ್ದೆವು. ಅವರು ಕೆಳಗೆ ಕೂತು ನೂಲು ಬಿಡಿಸುತ್ತಿದ್ದರು. ನಾವು ಮಾಡುತ್ತಿದ್ದದ್ದನ್ನು ಅವರು ಎಂದೂ ಸಂಗೀತ ಎನ್ನಲಿಲ್ಲ, ಜಗಳ ಎನ್ನುತ್ತಿದ್ದರು. ಒಂದು ದಿನ ಹೋಗದಿದ್ದರೆ ಮಾರನೆಯ ದಿನ ಕೇಳುತ್ತಿದ್ದರು. "ನೆನ್ನೆ ಯಾಕ್ಲಾ ಜಗಳ ಇರ್ಲಿಲ್ಲ?"

ಆ ವರ್ಷ ನಮ್ಮ ಕೈ ಕೂಡಿತು ಎಂದು ನಾವು ನಂಬಿದ್ದೆವು. ಮೂವರೂ ಒಟ್ಟಿಗೆ ನಿಲ್ಲುತ್ತಿದ್ದೆವು, ಒಟ್ಟಿಗೆ ತಿರುಗುತ್ತಿದ್ದೆವು. ಕೇಳುವವರು ಮಾತ್ರ ಇರಲಿಲ್ಲ.

ಬೀದಿಯ ಕೊನೆಯಲ್ಲಿ ಹೆಂಚಿನ ಒಂದು ಹಳೆಯ ಹಾಲ್ ಇತ್ತು. ವರ್ಷಕ್ಕೊಮ್ಮೆ ಅಲ್ಲಿ ನಮ್ಮ ಬೀದಿಯ ಮಕ್ಕಳ ಸಂಗೀತ ಕಚೇರಿ ನಡೆಯುತ್ತಿತ್ತು. ಊರಿನ ಸಂಗೀತದವರೆಲ್ಲ ಬಂದು ಕೂರುತ್ತಿದ್ದರು. ಈ ಬೀದಿಯಲ್ಲಿ ಸಾಧಕ ಮಾಡುವ ಯಾರಿಗಾದರೂ ಅರ್ಧ ಗಂಟೆ ಕೊಡಬೇಕು ಎಂಬುದು ಅಲ್ಲಿಯ ಹಳೆಯ ನಿಯಮ. ಆದರೆ ಮೊದಲು ಎದುರು ಮನೆಯ ತವಿಲ್ ಹಿರಿಯರು ಕೇಳಿ ಒಪ್ಪಬೇಕು. ದೊಡ್ಡಮ್ಮ ನಮ್ಮನ್ನು ಕೇಳದೆಯೇ ಅವರ ಜಗಲಿಗೆ ಹೋದರು. ನಾನು ಹಿಂದೆ ನಿಂತಿದ್ದೆ. ಅವರಿಬ್ಬರೂ ಆಡಿದ್ದು ತಮಿಳಿನಲ್ಲಿ.

"ಯಾರ ಮಕ್ಕಳಮ್ಮಾ ಇವರು?" ಎಂದು ಹಿರಿಯರು ಕೇಳಿದರು.

"ಯಾರ ಮಕ್ಕಳಾದರೇನು ಅಯ್ಯಾ? ಸಾಧಕ ಮಾಡುವುದು ನನ್ನ ಮನೆಯಲ್ಲಿ. ನನ್ನ ಮನೆ ಈ ಬೀದಿಯಲ್ಲಿದೆ. ಅನುಮಾನವಿದ್ದರೆ ಹಗ್ಗ ತಂದು ಅಳೆಯಿರಿ."

ಹಿರಿಯರು ಹಗ್ಗ ತರಲಿಲ್ಲ. ಬರುವ ಭಾನುವಾರ ಕರೆದುಕೊಂಡು ಬಾ ಎಂದರು.

ಆ ಭಾನುವಾರವನ್ನು ನಾನು ಇದ್ದಂತೆಯೇ ಬರೆಯಬೇಕು. ಹಾಲ್‌ನಲ್ಲಿ ಹಿರಿಯರು ಒಬ್ಬರೇ ನೆಲದ ಮೇಲೆ ಕೂತಿದ್ದರು. ಬೆರಳುಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮೊದಲ ಹಾಡಿನ ಅರ್ಧಕ್ಕೇ ನನ್ನ ಕೈ ಓಡತೊಡಗಿತು. ಸೆಲ್ವ ಅದರ ಹಿಂದೆ ಓಡಿದ. ಮುನಿ ಹಿಂದೆ ಉಳಿದ. ನಾನು ಗಾಬರಿಯಾಗಿ ನಿಧಾನ ಮಾಡಿದರೆ ಅವರಿಬ್ಬರೂ ಮುಂದೆ ಹೋಗಿದ್ದರು. ಎರಡನೇ ಹಾಡು ಇನ್ನೂ ಕೆಟ್ಟಿತು. ತಾಳ ಹಾಕುತ್ತಿದ್ದ ಹಿರಿಯರ ಬೆರಳುಗಳು ನಿಂತವು. ಅವು ನಿಂತದ್ದನ್ನು ನಾನು ಕಂಡೆ. ಆಮೇಲೆ ಅವರು ಕೈ ಎತ್ತಿದರು.

"ತಂಬಿ," ಎಂದರು, ಸಿಟ್ಟಿರಲಿಲ್ಲ, "ಮೂರು ಜನ ಮೂರು ಊರಿಗೆ ಹೊರಟಿದ್ದೀರಿ. ಇದು ಯಾವ ಸಂಗೀತವೋ ನನಗೆ ಗೊತ್ತಿಲ್ಲ. ತಾಳ ಇಲ್ಲ, ಅದು ಗೊತ್ತು. ಕಚೇರಿಗೆ ಇನ್ನು ಆರು ವಾರ ಇದೆ. ಅದಕ್ಕೆ ಮೊದಲಿನ ಭಾನುವಾರ ಇನ್ನೊಂದು ಸಲ ಕೇಳುತ್ತೇನೆ. ಅದೇ ಕೊನೆ."

ತಪ್ಪು ನನ್ನ ಕೈಯಲ್ಲೇ ಇದೆ ಎಂದು ಸೆಲ್ವ ದಾರಿಯಲ್ಲೇ ಹೇಳಿದ. ನನಗೂ ಅದು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ... ಒಂದು ವರ್ಷ ಸರಿಯಾಗಿದ್ದ ಕೈ ಒಂದು ಬೆಳಗ್ಗೆ ಹೇಗೆ ಕೆಟ್ಟಿತು?

ಎರಡು ದಿನದ ಮೇಲೆ ಮಧ್ಯಾಹ್ನ ಒಬ್ಬನೇ ಹೋಗಿ ಬಾರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಪಕ್ಕದ ಹನ್ನೆರಡು ಮಗ್ಗವೂ ಒಂದಾದ ಮೇಲೊಂದು ನಿಂತವು. ನಿಯಮದಂತೆ ನಾನೂ ನಿಲ್ಲಿಸಬೇಕಿತ್ತು, ಆದರೆ ಹಟಕ್ಕೆ ಬಿದ್ದು ಬಾರಿಸುತ್ತಲೇ ಇದ್ದೆ. ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಸ್ವಲ್ಪ ಹೊತ್ತು ಅವರಿಗೆ ಉಸಿರೇ ಸಾಲಲಿಲ್ಲ. ಅದನ್ನೂ ನಾನು ಕಂಡೆ, ಮೆಟ್ಟಿಲು ಕಡಿದಾಗಿದೆ ಎಂದುಕೊಂಡೆ.

"ನಿಲ್ಲಿಸ್ಬೇಡ, ಬಾರ್ಸು," ಎಂದರು.

ಬಾರಿಸಿದೆ. ಅವರು ನನ್ನ ಕೈ ನೋಡಲಿಲ್ಲ, ಮಗ್ಗದ ಕಡೆಯ ಗೋಡೆ ನೋಡುತ್ತಿದ್ದರು. ನನ್ನ ಕೈ ಸಡಿಲಾಯಿತು, ಓಡಿತು, ಮತ್ತೆ ಸಡಿಲಾಯಿತು.

"ಒಂದ್ ವರ್ಷದಿಂದ ಬಾರಿಸ್ತಿದ್ದಿದ್ದು ತರಿ ಕಣ್ಲಾ. ನೀನಲ್ಲ. ಅದು ತಟ್ತಿತ್ತು, ನೀನು ಅದ್ರ ಬೆನ್ ಮ್ಯಾಲೆ ಕೈ ಇಟ್ಕಂಡ್ ಕೂತಿದ್ದೆ."

ನಾನು ಕೋಲುಗಳನ್ನು ಕೆಳಗಿಟ್ಟೆ. ಅವರು ಹೇಳಿದ್ದು ಸರಿಯೆಂದು ತಕ್ಷಣ ಗೊತ್ತಾಯಿತು. ನಮ್ಮ ಹಾಡುಗಳನ್ನೆಲ್ಲ ನಾವು ಆ ಗೋಡೆಯ ಪಕ್ಕದಲ್ಲೇ ಕಟ್ಟಿದ್ದೆವು. ಎಲ್ಲ ಹಾಡಿಗೂ ಮಗ್ಗದ್ದೇ ನಡೆ. ಬೇರೆ ನಡೆ ಹಿಡಿಯಲು ಒಮ್ಮೆಯೂ ನೋಡಿರಲಿಲ್ಲ, ಬೇಕು ಎಂದೂ ಅನಿಸಿರಲಿಲ್ಲ.

"ನಂದೂ ತಪ್ಪೈತೆ," ಎಂದರು ದೊಡ್ಡಮ್ಮ. "ಬಚ್ಚಿಟ್ಕಂಡ್ ಬಾರ್ಸ್ರಿ ಅಂದೋಳು ನಾನೇ. ಆಯ್ತು, ನಾಳೆ ಬೆಳಗ್ಗೆ ಐದೂವರೆಗೆ ಬಾ. ಕೋಲು ತರ್ಬೇಡ."

ದೊಡ್ಡಮ್ಮ ಕಂಬಳಿ ನೇಯುತ್ತಿರಲಿಲ್ಲ. ಮೇಟೂರು ಕಡೆಯ ತಮ್ಮ ಊರಿನ ಮಗ್ಗಕ್ಕೆ ಹಾಸು ಸಿದ್ಧ ಮಾಡಿ ಕಳಿಸುತ್ತಿದ್ದರು. ಉದ್ದಕ್ಕೆ ಎಳೆದು ಕಟ್ಟಿದ ನೂಲೇ ಹಾಸು. ಕಿರುಬೀದಿಯಲ್ಲಿ ಎರಡು ಗೂಟದ ನಡುವೆ ಹತ್ತು ಮಾರು ಉದ್ದಕ್ಕೆ ಅದನ್ನು ಬಿಗಿದು, ಹುಣಸೆ ಬೀಜದ ಗಂಜಿಯನ್ನು ದೊಡ್ಡ ಕುಂಚದಿಂದ ತೀಡಬೇಕು. ಹಾಸಿನ ಆ ಪಕ್ಕ ಒಬ್ಬರು, ಈ ಪಕ್ಕ ಒಬ್ಬರು. ಇಬ್ಬರ ಕುಂಚವೂ ಒಟ್ಟಿಗೆ ಹೋಗಬೇಕು, ಇಬ್ಬರ ಹೆಜ್ಜೆಯೂ ಒಟ್ಟಿಗೆ ಬೀಳಬೇಕು. ಒಬ್ಬರು ಮುಂದೆ ಹೋದರೆ ಹಿಂದೆ ಉಳಿದವರ ಕಡೆ ಗಂಜಿ ಒಣಗುತ್ತದೆ, ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ನಿಲ್ಲಿಸಿದರೆ ಪೂರ್ತಿ ಹಾಸು ಹಾಳು. ಮತ್ತೆ ಅದನ್ನು ಬಿಡಿಸಲು ಬರುವುದಿಲ್ಲ.

ಮೊದಲ ಬೆಳಗ್ಗೆ ನಾನು ಎಣಿಸುತ್ತ ತೀಡಿದೆ. ಮೋಟಾರಿಗೆ ತಂತಿ ಸುತ್ತುವಾಗ ಸುತ್ತು ಎಣಿಸಿ ಅಭ್ಯಾಸ.

"ಏನ್ಲಾ ಬಾಯಲ್ಲಿ ಅಗೀತಿದೀಯ?"

"ಎಣಿಸ್ತಾ ಇದೀನಿ ದೊಡ್ಡಮ್ಮ."

"ಎಣ್ಸೋನ್ಗೆ ಎಣಿಕೆ ಸಿಗ್ತದೆ, ಅಷ್ಟೇಯ. ನನ್ ಕೈ ನೋಡು."

ನೋಡಿದೆ. ಅವರ ಕೈಯಲ್ಲಿ ಆತುರವಿರಲಿಲ್ಲ, ಅದು ನಿಧಾನವೂ ಆಗುತ್ತಿರಲಿಲ್ಲ. ಗಾಳಿ ಬಂದರೆ ಗಂಜಿ ಬೇಗ ಒಣಗುತ್ತದೆಂದು ಅವರ ಕೈ ತುಸು ಚುರುಕಾಗುತ್ತಿತ್ತು. ಅದು ಚುರುಕಾದದ್ದು ಹೆಜ್ಜೆಯಲ್ಲಿ ಗೊತ್ತಾಗುತ್ತಿತ್ತು, ಕಣ್ಣಿಗಲ್ಲ. ಮೊದಲ ವಾರ ಎರಡು ಹಾಸು ನನ್ನಿಂದ ಹಾಳಾದವು. ಬೈದರು, ಮತ್ತೆ ಹಾಸು ಕಟ್ಟಿದರು. ಮೂರನೇ ವಾರಕ್ಕೆ ಅವರ ಕೈಯನ್ನು ನೋಡದೆಯೇ ಹೋಗಲು ಬಂತು. ಬೀದಿಯಲ್ಲಿ ಹೋಗುವ ನನ್ನ ಪರಿಚಯದವರು ನಾನು ಕಂಬಳಿ ಕೆಲಸ ಮಾಡುವುದನ್ನು ಕಂಡು ನಿಲ್ಲುತ್ತಿದ್ದರು. ಮೊದಮೊದಲು ಮುಖ ತಿರುಗಿಸುತ್ತಿದ್ದೆ. ಆಮೇಲೆ ತಿರುಗಿಸಲು ಪುರುಸೊತ್ತು ಇರಲಿಲ್ಲ.

ಇನ್ನು ಮೂವರೂ ಮಗ್ಗ ನಿಂತಾಗ ಬಾರಿಸಿ ಕಲಿಯಬೇಕಿತ್ತು. ಮಗ್ಗ ನಿಲ್ಲುವುದು ಭಾನುವಾರ. ಕಂಬಳಿಗಳು ಎಷ್ಟು ನುಂಗಿದರೂ ಸದ್ದು ಬೀದಿಗೆ ಬಂದೇ ಬಂತು. ಮೊದಲ ಭಾನುವಾರವೇ ಏಳೆಂಟು ಜನ ಅಂಗಡಿಯ ಮುಂದೆ ಸೇರಿದರು. ತವಿಲ್ ಹಿರಿಯರೂ ಬಂದರು, ಇದೇನಮ್ಮಾ ಇದು ಎಂದರು. ದೊಡ್ಡಮ್ಮ ನೂಲಿನಿಂದ ತಲೆ ಎತ್ತಲಿಲ್ಲ.

"ಅಯ್ಯಾ, ನಿಮ್ಮ ಮೊಮ್ಮಗ ಮೂರು ವರ್ಷದಿಂದ ಅದೇ ಒಂದು ಪಾಠವನ್ನು ತಪ್ಪಾಗಿ ಬಾರಿಸುತ್ತಿದ್ದಾನೆ. ನಾನು ಯಾವತ್ತಾದರೂ ಬಂದು ಕೇಳಿದೆನಾ?"

ಬೀದಿಯೇ ನಕ್ಕಿತು. ಹಿರಿಯರು ನಗಬಾರದೆಂದು ಮೀಸೆ ಉಜ್ಜಿಕೊಂಡರು. ಕೊನೆಗೆ ಭಾನುವಾರ ಒಂದು ಗಂಟೆ ಎಂದು ಒಪ್ಪಂದವಾಯಿತು. ಆ ಒಂದು ಗಂಟೆಯಲ್ಲಿ ನಾವು ನಡುಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಂತವರ ಹಾಗೆ ಬಾರಿಸಿದೆವು. ತಪ್ಪಿದರೆ ಬೀದಿಗೆಲ್ಲ ಕೇಳುತ್ತಿತ್ತು. ತಪ್ಪುವುದು ವಾರ ವಾರಕ್ಕೆ ಕಡಿಮೆಯಾಯಿತು.

ಎರಡನೇ ಪರೀಕ್ಷೆಗೆ ಮೂರು ದಿನ ಉಳಿದಿದ್ದ ಗುರುವಾರ. ಬೆಳಗ್ಗೆ ಆರಕ್ಕೆ ಹಾಸು ಬಿಗಿದಿದ್ದೆವು. ಮೋಡ ಇರಲಿಲ್ಲ, ಸಣ್ಣಗೆ ಗಾಳಿ ಇತ್ತು. ನಾವು ನಾಲ್ಕು ಮಾರು ತೀಡಿದ್ದೆವು. ಅಷ್ಟರಲ್ಲಿ ದೊಡ್ಡಮ್ಮ ಕುಂಚವನ್ನು ಗಂಜಿಯ ಬಕೆಟ್ಟಿನಲ್ಲಿ ಇಟ್ಟು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಬೀಳಲಿಲ್ಲ, ಕೂತರು.

"ಏನಾಯ್ತು ದೊಡ್ಡಮ್ಮ?"

"ಏನಿಲ್ಲ. ಕೈ ನಿಲ್ಲಿಸ್ಬೇಡ. ಗಂಜಿ ಒಣಗೋಯ್ತದೆ. ಎಲ್ಡೂ ಪಕ್ಕ ನೀನೇ ಓಡು."

ನಾನು ಓಡಿದೆ. ಈ ಪಕ್ಕ ಒಂದು ಮಾರು, ಗೂಟ ಸುತ್ತಿ ಹೋಗಲು ಸಮಯವಿಲ್ಲದೆ ಹಾಸಿನ ಕೆಳಗೆ ನುಸುಳಿ ಆ ಪಕ್ಕ ಒಂದು ಮಾರು. ಆರು ಮಾರು ಉಳಿದಿತ್ತು. ನಡುವೆ ಎರಡು ಸಲ ಅವರ ಕಡೆ ನೋಡಿದೆ. ಮೊದಲ ಸಲ ಅವರ ಬಲಗೈ ಎಡ ಭುಜದ ಮೇಲಿತ್ತು. ಎರಡನೇ ಸಲ ಎದೆಯ ಮೇಲಿತ್ತು, ಕಣ್ಣು ಮುಚ್ಚಿದ್ದರು. ಎರಡನ್ನೂ ನಾನು ಸರಿಯಾಗಿಯೇ ಕಂಡೆ. ಕಂಡಿಲ್ಲ ಎಂದು ಬರೆಯಲಾರೆ. ಕುಂಚ ನಿಲ್ಲಿಸಲಿಲ್ಲ. ಒಬ್ಬನೇ ಎರಡು ಪಕ್ಕ ಹಿಡಿದಿದ್ದೇನೆ, ನಡೆ ತಪ್ಪಿಲ್ಲ, ಒಂದು ಎಳೆಯೂ ಅಂಟಿಲ್ಲ ಎಂಬ ಹೆಮ್ಮೆ ನನ್ನೊಳಗಿತ್ತು. ಕೊನೆಯ ಮಾರು ಮುಗಿಸಿ, ನೋಡಿ ದೊಡ್ಡಮ್ಮ ಎನ್ನಲು ತಿರುಗಿದೆ.

ಅವರ ಮುಖವೆಲ್ಲ ಬೆವರು. ಆ ತಣ್ಣನೆಯ ಬೆಳಗ್ಗೆ ರವಿಕೆಯ ಕುತ್ತಿಗೆ ತೊಯ್ದು ಹೋಗಿತ್ತು.

ಅಲ್ಲಿಂದ ಎಲ್ಲವೂ ಬೇಗ ನಡೆಯಿತು. ತವಿಲ್ ಹಿರಿಯರ ಮಗ ಆಟೋ ತಂದರು. ಆಸ್ಪತ್ರೆಯಲ್ಲಿ ದೊಡ್ಡಮ್ಮನನ್ನು ಒಳಗೆ ಒಯ್ದ ಮೇಲೆ ಚೀಟಿ ಬರೆಯುವವರು ಹೆಸರು ಕೇಳಿದರು. ನಾನು ಬಾಯಿ ತೆರೆದೆ, ನನಗೆ ಹೆಸರು ಗೊತ್ತಿರಲಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಅವರ ಮನೆಯ ನೀರು ಕುಡಿದಿದ್ದೆ. "ದೊಡ್ಡಮ್ಮ," ಎಂದೆ. ಅವರು ತಮಿಳಿನಲ್ಲಿ ಅದನ್ನೇ ಬರೆದುಕೊಂಡರು. ಆಮೇಲೆ ಹೆಸರು ತಿಳಿಯಿತು. ಅವರಿದ್ದಾಗ ಕೇಳದ್ದನ್ನು ಈಗ ಇಲ್ಲಿ ಬರೆಯಲು ಮನಸ್ಸು ಬರುತ್ತಿಲ್ಲ.

ನೋವು ಶುರುವಾಗಿ ಎಷ್ಟು ಹೊತ್ತಾಗಿತ್ತು ಎಂದು ಡಾಕ್ಟರು ಕೇಳಿದರು. ಆಟೋ ಬರುವುದಕ್ಕೆ ಮೊದಲು ಹತ್ತು ನಿಮಿಷ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಆ ಹತ್ತು ನಿಮಿಷದಿಂದ ಏನಾದರೂ ವ್ಯತ್ಯಾಸ ಆಗುತ್ತಿತ್ತೋ ಎಂದು ಕೇಳಬೇಕಿತ್ತು... ಧೈರ್ಯವಾಗಲಿಲ್ಲ. ಶುಕ್ರವಾರ ಮಧ್ಯಾಹ್ನ ದೊಡ್ಡಮ್ಮ ಹೋದರು. ಮೇಟೂರು ಕಡೆಯಿಂದ ಅವರ ತಂಗಿಯ ಮನೆಯವರು ಬಂದು ಊರಿಗೆ ಒಯ್ದು ಅಂದೇ ಮಣ್ಣು ಮಾಡಿದರು. ಮೂರನೆಯ ದಿನ ಹಾಲು ಬಿಡುವ ಶಾಸ್ತ್ರ. ಆ ಮೂರನೆಯ ದಿನವೇ ಭಾನುವಾರ.

ಶನಿವಾರ ಸಂಜೆ ಆ ಕಂಬಳಿ ಕೋಣೆಯಲ್ಲಿ ಮೂವರೂ ಕೂತಿದ್ದೆವು. ಬಿಟ್ಟುಬಿಡೋಣ, ದೊಡ್ಡಮ್ಮನ ಊರಿಗೆ ಹೋಗೋಣ ಎಂದ ಸೆಲ್ವ. ನೀನೇನು ಹೇಳುತ್ತೀ ಎಂದು ಮುನಿ ನನ್ನನ್ನು ಕೇಳಿದ. ಬಾರಿಸೋಣ ಎಂದೆ. ದೊಡ್ಡಮ್ಮನಿಗೋಸ್ಕರ ಎಂದು ಹೇಳಬಹುದಿತ್ತು, ಹೇಳಲಿಲ್ಲ, ಅದು ಪೂರ್ತಿ ನಿಜವಲ್ಲ. ಹಾಸನ್ನು ಮುಗಿಸಿದವನು ನಾನು. ಅದನ್ನು ಮುಗಿಸಲು ಅವರನ್ನು ಮೆಟ್ಟಿಲ ಮೇಲೆ ಬಿಟ್ಟವನು, ಅದರಿಂದ ಕಲಿತದ್ದನ್ನು ಬಿಟ್ಟು ಓಡಿಹೋದರೆ ಆ ಹತ್ತು ನಿಮಿಷಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ. ಇಷ್ಟೇ ನನಗಿದ್ದ ಕಾರಣ. ಸರಿಯೋ ತಪ್ಪೋ ಆಗ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹಾಲ್‌ನಲ್ಲಿ ನಾಲ್ಕು ಹಾಡು ಬಾರಿಸಿದೆವು. ಕಣ್ಣು ಮುಚ್ಚಿದರೆ ದೊಡ್ಡಮ್ಮನ ಕೈ ಕಾಣುತ್ತಿತ್ತು. ಒಮ್ಮೆ ಕುಂಚ ಹಿಡಿದ ಕೈ, ಒಮ್ಮೆ ಎದೆಯ ಮೇಲಿನ ಕೈ. ಅದಕ್ಕೇ ಕಣ್ಣು ತೆರೆದು ಬಾರಿಸಿದೆ. ಎದುರಿಗೆ ತವಿಲ್ ಹಿರಿಯರ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ನಾಲ್ಕನೇ ಹಾಡು ಮುಗಿಯುವವರೆಗೂ ಅವು ನಿಲ್ಲಲಿಲ್ಲ. ಮುಗಿದ ಮೇಲೆ ಅವರು ಎದ್ದು ಪಂಚೆ ಸರಿಪಡಿಸಿಕೊಂಡರು. "ಬರುವ ಭಾನುವಾರ ಹನ್ನೊಂದೂವರೆಗೆ ಬನ್ನಿ. ಅರ್ಧ ಗಂಟೆ ನಿಮ್ಮದು," ಎಂದರು. ಬಾಗಿಲಿನವರೆಗೆ ಹೋದವರು ತಿರುಗಿ, ಇಷ್ಟು ಹೊತ್ತಿಗೆ ಅಲ್ಲಿ ಹಾಲು ಬಿಟ್ಟಿರುತ್ತಾರೆ ಎಂದು ತಮಗೆ ತಾವೇ ಹೇಳಿಕೊಂಡರು.

ಮಧ್ಯಾಹ್ನದ ಬಸ್ಸಿಗೆ ನಾನೊಬ್ಬನೇ ದೊಡ್ಡಮ್ಮನ ಊರಿಗೆ ಹೋದೆ. ಎಲ್ಲ ಮುಗಿದಿತ್ತು. ಅವರ ತಂಗಿ ನನಗೆ ಎಲೆ ಹಾಕಿದರು. ಉಣ್ಣುವ ಮೊದಲು ಗುರುವಾರದ ಬೆಳಗನ್ನು ಅವರಿಗೆ ಹೇಳಿದೆ. ಕೂತದ್ದು, ಭುಜದ ಮೇಲಿನ ಕೈ, ಎದೆಯ ಮೇಲಿನ ಕೈ, ನಾನು ನಿಲ್ಲಿಸದೆ ಇದ್ದದ್ದು, ಒಂದನ್ನೂ ಬಿಡಲಿಲ್ಲ. ಅವರು ಸಾರಿನ ಸೌಟು ಹಿಡಿದುಕೊಂಡೇ ಕೇಳಿದರು. ಸೌಟನ್ನು ಪಾತ್ರೆಯಲ್ಲಿ ಇಟ್ಟರು. ಆಮೇಲೆ ಕೇಳಿದರು.

"ಹಾಸು ಸರಿಯಾಗ್ ಬಂತಾ?"

"ಬಂತು."

"ಸರಿ, ಉಣ್ಣು."

ಅದು ಕ್ಷಮೆಯೋ ಅಲ್ಲವೋ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ಅವರು ಸಾರು ಬಡಿಸಿದರು, ನಾನು ಉಂಡೆ. ಅಷ್ಟು ಮಾತ್ರ ಖಚಿತವಾಗಿ ಹೇಳಬಲ್ಲೆ.

ಮುಂದಿನ ಭಾನುವಾರ ಹಾಲ್ ತುಂಬಿದ ಜನರ ಮುಂದೆ ಅರ್ಧ ಗಂಟೆ ಬಾರಿಸಿದೆವು. ಕೆಲವರು ಎದ್ದು ಹೋದರು, ಹೆಚ್ಚಿನವರು ಕೂತಿದ್ದರು. ಪ್ಲಗ್ ಯಾರೂ ಕೀಳಲಿಲ್ಲ.

ಈಗ ಆ ಮಗ್ಗಗಳಿಲ್ಲ, ಶೆಡ್ಡಿನ ಜಾಗದಲ್ಲಿ ಗಾಡಿಗಳನ್ನು ನಿಲ್ಲಿಸುತ್ತಾರೆ. ಕಂಬಳಿ ಅಂಗಡಿಯಲ್ಲಿ ಯಾರೋ ಪ್ಲಾಸ್ಟಿಕ್ ಸಾಮಾನು ಮಾರುತ್ತಾರೆ. ಕನ್ನಡದಲ್ಲಿ ನನ್ನನ್ನು ಬೈಯುವವರು ಸೇಲಂನಲ್ಲಿ ಈಗ ಒಬ್ಬರೂ ಇಲ್ಲ. ನಾವು ಮೂವರು ಮಾತ್ರ ಇದ್ದೇವೆ. ಸಾಬಕ್ಕಿ ಗೋದಾಮಿನಲ್ಲಿ ಬಾಗಿಲು ತೆರೆದಿಟ್ಟೇ ಬಾರಿಸುತ್ತೇವೆ. ಈ ಊರಿಗೆ ನಾವು ಇನ್ನೂ ಬೇಕಾದವರಲ್ಲ, ಆದರೆ ಓಡಿಸುವುದನ್ನು ಬಿಟ್ಟಿದ್ದಾರೆ. ಕರೆದ ಕಡೆ ಹೋಗುತ್ತೇವೆ. ಹೋದ ತಿಂಗಳು ಧರ್ಮಪುರಿಗೆ ಹೋದದ್ದೂ ಹಾಗೆಯೇ. ಒಂದು ಸಣ್ಣ ಹಾಲ್, ಸಂಜೆ ಐದು ಗಂಟೆ, ಮೂವತ್ತು ನಲವತ್ತು ಜನ.

ಎರಡನೇ ಹಾಡಿನ ನಡುವೆ ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತವರು ಹಾಗೇ ಬಗ್ಗಿ ಕುರ್ಚಿಯ ಮೇಲೆ ಕುಸಿದರು. ಕೈ ಕುತ್ತಿಗೆಯ ಹತ್ತಿರ ಹೋಯಿತು. ನಾನು ಕೋಲುಗಳನ್ನು ಕೆಳಗಿಟ್ಟೆ. ಹಾಡು ಅರ್ಧಕ್ಕೇ ಮುರಿದು ಬಿತ್ತು. ವೇದಿಕೆಯಿಂದ ಇಳಿದು ಅವರ ಹತ್ತಿರ ಹೋದೆ.

ಆ ಹೆಂಗಸು ಗಾಬರಿಯಾಗಿ ನನ್ನನ್ನು ನೋಡಿದರು. "ಓಲೆ ತಿರುಪು ಬಿದ್ದೋಯ್ತು ತಂಬಿ," ಎಂದರು.

ಜನ ನಕ್ಕರು. ಮೊಣಕಾಲೂರಿ ಕುರ್ಚಿಗಳ ಕೆಳಗೆ ಹುಡುಕಿ ತಿರುಪು ತೆಗೆದುಕೊಟ್ಟು ವಾಪಸು ಬಂದು ಕೂತೆ. ಸೆಲ್ವ ಮೈಕಿಗೆ ಕೇಳಿಸದಂತೆ ನನ್ನ ಕಡೆ ಬಗ್ಗಿ ಹೇಳಿದ.

"ನೀನು ಹೀಗೆ ಹಾಡು ನಿಲ್ಲಿಸೋದು ಇದು ಮೂರನೇ ಸಲ."

"ಗೊತ್ತು."

"ಮುಂದಿನ ಸಲವೂ ನಿಲ್ಲಿಸ್ತೀಯಾ?"

"ನಿಲ್ಲಿಸ್ತೀನಿ."

ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಮುನಿಯ ಕಡೆ ತಿರುಗಿ, "ಮೊದಲಿಂದ," ಎಂದ. ನಾನು ಕೋಲು ಎತ್ತಿಕೊಂಡೆ.